ಆರು ಗಂಟೆ ಎಂದರೆ ವೇಳೆಯಲ್ಲ, ದಿಕ್ಕು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಎಂಆರ್‌ಐ ಅರ್ಜಿಯನ್ನು ತಮ್ಮ ಆಸ್ಪತ್ರೆಯ ನೋಂದಣಿ ಕಿಟಕಿಯು ‘ಕೋರಿದ ಸಮಯ ಲಭ್ಯವಿಲ್ಲ’ ಎಂಬ ಷರಾದೊಂದಿಗೆ ಎರಡು ಬಾರಿ ಹಿಂದಿರುಗಿಸಿದೆ. ನಾನು ಸಮಯವನ್ನೇ ಕೋರಿರಲಿಲ್ಲ ಎಂದು ಸವಿನಯವಾಗಿ ನಿವೇದಿಸಲು ಈ ಪತ್ರ. ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ಕನ್ನಡ ಪ್ರತಿಯು, ಇದೇ ವ್ಯಾಧಿಯನ್ನು ಸಂಕೋಚದಿಂದ ಮುಚ್ಚಿಟ್ಟುಕೊಂಡಿರಬಹುದಾದ ಪುಣೆಯ ನಮ್ಮ ಬಂಧುಗಳಿಗಾಗಿ.

ನನ್ನದು ಭಗಂದರ. ಗುದದ್ವಾರದ ಪಕ್ಕದ ಚರ್ಮದಲ್ಲೊಂದು ತೂತು, ಅಲ್ಲಿಂದ ಒಳಕ್ಕೆ ಕೊರೆದ ಸುರಂಗ. ಬೇರೆ ಆಸ್ಪತ್ರೆಯಲ್ಲಿ ಎರಡು ಸಲ ಕೊಯ್ಯಿಸಿಕೊಂಡೆ. ಕಣ್ಣಿಗೆ ಕಂಡ ದಾರಿಯನ್ನಷ್ಟೇ ತೆರೆದರು. ಕಾಣದ ಕವಲು ಒಳಗೇ ಉಳಿದು ಮತ್ತೆ ಕೀವು ಕಟ್ಟಿತು. ತಮ್ಮಲ್ಲಿಯ ಶಸ್ತ್ರವೈದ್ಯೆ ಡಾ. ಕೇತಕಿ, ಬೆಳಗಾವಿಯ ಕಡೆಯವರು, ನೇರವಾಗಿ ಹೇಳಿದರು: “ಕಾಕಾ, ಎಂಆರ್‌ಐ ನೋಡದೇ ನಾ ಕೈ ಹಚ್ಚಂಗಿಲ್ರಿ. ಆ ಕವಲು ಯಾವ ಸ್ನಾಯು ದಾಟೇದ ಅನ್ನೂದು ಗೊತ್ತಾಗಬೇಕು. ಅಂದಾಜಿಲೆ ಕೊಯ್ದು ಸ್ನಾಯು ಕೆಟ್ಟರ, ಮಲ ಹಿಡಿಯೂ ಶಕ್ತೀನ ಹೋಗ್ತದ.” ಶಸ್ತ್ರಕ್ರಿಯೆ ಮುಂದಿನ ಗುರುವಾರ.

ಶಸ್ತ್ರವೈದ್ಯರು ಆ ಭಾಗವನ್ನು ಗಡಿಯಾರದ ಮುಖವೆಂದು ಭಾವಿಸಿ ಸ್ಥಳ ಗುರುತಿಸುತ್ತಾರೆ. ಮುಂಬದಿ ಹನ್ನೆರಡು, ಬೆನ್ನ ಬದಿ ಆರು. ಅಂತೆಯೇ ಡಾ. ಕೇತಕಿಯವರು ನನ್ನ ಎಂಆರ್‌ಐ ಅರ್ಜಿಯಲ್ಲಿ ‘ಹೊರಬಾಯಿ ಏಳು ಗಂಟೆ, ಒಳಬಾಯಿ ಬಹುಶಃ ಆರು ಗಂಟೆ’ ಎಂದು ಬರೆದರು. ತಮ್ಮ ಗುಮಾಸ್ತರು ಅದನ್ನು ಇಡೀ ಸರದಿಗೆ ಕೇಳುವಂತೆ ಓದಿ, “ಆಜೋಬಾ, ಸಹಾ ವಾಜತಾ ಮಶೀನ್ ಬಂದ್!” ಎಂದರು. ಅಜ್ಜಾ, ಆರಕ್ಕೆ ಯಂತ್ರ ಬಂದ್ ಎಂದು ಅದರರ್ಥ. ಎರಡನೆಯ ಸಲ, ಬೆಳಗಿನ ಏಳಕ್ಕಾದರೆ ನಡೆದೀತೇ ಎಂದು ಕನಿಕರದಿಂದ ವಿಚಾರಿಸಿ, ವಿಭಾಗ ತೆರೆಯುವುದೇ ಎಂಟಕ್ಕೆ ಎಂದು ತಾವೇ ನೊಂದುಕೊಂಡರು. ನನ್ನ ಗುಟ್ಟಂತೂ ಅಂದೇ ಸಾರ್ವಜನಿಕವಾಯಿತು. ಇನ್ನು ಪತ್ರವನ್ನು ಮುಚ್ಚಿಡುವುದೇಕೆ?

ಮನೆಯಲ್ಲಿ ಪತ್ನಿ ಭಾಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಅಲ್ರೀ, ಮೂವತ್ತು ವರ್ಷ ಕಚೇರ್ಯಾಗ ಮಂದೀ ಅರ್ಜಿ ನಕಲು ಮಾಡಿದ್ರಿ. ಈಗ ನಿಮ್ಮದು ಒಂದು ಅರ್ಜಿ ಓದಲಿಕ್ಕೆ ಒಬ್ಬರಿಗೂ ಬರವಲ್ದಲ್ರಿ!”

ಮಾನ್ಯರೇ, ಸದಾಶಿವ ಪೇಠದ ಗಲ್ಲಿಗಳಲ್ಲಿ ಹೊಸ ರಿಕ್ಷಾದವನೂ ದಾರಿ ಕೇಳಿಕೊಂಡೇ ಮುಂದುವರಿಯುತ್ತಾನೆ. ನನ್ನ ದೇಹದ ಗಲ್ಲಿಗೆ ಮಾತ್ರ ಅಂದಾಜು ಸಾಕೇ? ಒಳದಾರಿಯನ್ನು ಕತ್ತಿಗಿಂತ ಮೊದಲೇ ತೋರಿಸಬಲ್ಲ ಯಂತ್ರವನ್ನು ಅಷ್ಟು ಸಡಗರದಿಂದ ಉದ್ಘಾಟಿಸಿದ ತಾವು, ಅದನ್ನು ಕಾಯಲು ಕೂರಿಸಿದವರಿಗೆ ವೈದ್ಯರ ಬರಹದ ಒಂದು ಸಾಲನ್ನೂ ವಿವರಿಸಲಿಲ್ಲವೇ?

ಆದಕಾರಣ ಪ್ರಾರ್ಥನೆ: ಗುರುವಾರದೊಳಗೆ ನನ್ನ ಎಂಆರ್‌ಐ ತೆಗೆಸಿ, ವರದಿಯನ್ನು ಡಾ. ಕೇತಕಿಯವರ ಕೈಸೇರಿಸತಕ್ಕದ್ದು. ತಮ್ಮ ನಮೂನೆಯಲ್ಲಿ ಒಂದು ಖಾಲಿ ವೃತ್ತ ಮುದ್ರಿಸಿ, ‘ಇಲ್ಲಿ ವೈದ್ಯರು ಮಾತ್ರ ಗುರುತು ಹಾಕತಕ್ಕದ್ದು’ ಎಂದು ಬರೆಸತಕ್ಕದ್ದು. ಕರೆದ ದಿನ ತಪ್ಪದೆ ಹಾಜರಾಗುತ್ತೇನೆ. ಕಾಯುವ ಕೋಣೆಯಲ್ಲಿ ನನಗಾಗಿ ಕುರ್ಚಿ ಹುಡುಕುವ ಶ್ರಮ ಬೇಡ.

ಇಂತಿ,
ಈ ಪತ್ರವನ್ನು ನಿಂತೇ ಬರೆದು, ನಿಂತೇ ಸಹಿ ಮಾಡಿ, ಕೂರುವ ಭಾಗ್ಯವನ್ನು ತಮ್ಮಿಂದ ನಿರೀಕ್ಷಿಸುತ್ತಿರುವ
ಶ್ಯಾಮ ಕಲಕೇರಿ
ಸದಾಶಿವ ಪೇಠ, ಪುಣೆ