ತೆಕ್ಲಾಳ ಪೀಪಾಯಿಗಳಿಗೆ ಹೆಪ್ಪು

ಮೋದೆನಾ
ಫೆಬ್ರವರಿ ೩

ಪ್ರಿಯ ಎರ್ಸೀಲಿಯಾ,

ದೇವಮಾತೆಯ ಕೃಪೆಯಿಂದ ಇಲ್ಲಿ ನಾವೆಲ್ಲರೂ ಕ್ಷೇಮ. ಮಂಜಿನಲ್ಲಿ ಜಾರಿ ಕಾಲು ಮುರಿದುಕೊಂಡ ನಿನ್ನ ಅಕ್ಕ, ನಿನ್ನ ಆರೈಕೆಯಲ್ಲಿ ಈಗ ಊರುಗೋಲು ಹಿಡಿದಾದರೂ ನಾಲ್ಕು ಹೆಜ್ಜೆ ಇಡುತ್ತಿರುವಳೆಂದು ನಂಬಿದ್ದೇನೆ. ನಮ್ಮ ಮೊಮ್ಮಗಳ ಜ್ಞಾನಸ್ನಾನದ ಸಂಜೆಯೇ ಎಲ್ಲವನ್ನೂ ವಿವರವಾಗಿ ಬರೆಯುವೆನೆಂದು ಮಾತು ಕೊಟ್ಟವನು ಹೀಗೆ ತಡಮಾಡಿದ್ದಕ್ಕೆ ಕ್ಷಮೆಯಿರಲಿ. ಬೀಗರ ಗದ್ದಲವೇ ಕಾರಣವೆಂದು ಈಗಿನ ಮಟ್ಟಿಗೆ ತಿಳಿದುಕೋ.

ನಮ್ಮ ಸಂತ ಜೆಮಿನಿಯಾನೊನ ಹಬ್ಬದಂದೇ ಪ್ರಧಾನಾಲಯದಲ್ಲಿ ತೆಕ್ಲಾಳ ಹಣೆಗೆ ಪವಿತ್ರಜಲ ಬಿತ್ತು. ಮಗು ಅಳಲಿಲ್ಲ, ಪಾದ್ರಿಗಳ ಕನ್ನಡಕಕ್ಕೇ ಕೈಹಾಕಿತು. ಹೊರಗೆ ಬಂದೊಡನೆ ಬೀಗರಾದ ಅನ್ಸೆಲ್ಮೊ ಗೋಪುರದ ಬುಡದಲ್ಲಿ ನಿಂತು, ಸಂತೆಯ ಜನರೆಲ್ಲ ತಿರುಗಿ ನೋಡುವಂತೆ ಕೂಗಿದರು: "ಬೀಗರೇ, ಬೊಲೋನ್ಯಾದ ಮೊಮ್ಮಗಳನ್ನೇ ನಿಮ್ಮೂರಿಗೆ ತಂದ್ಕೊಟ್ಟಿದೀವಿ. ಇನ್ನಾದ್ರೂ ನಮ್ಮ ಬಕೆಟ್ ವಾಪಸ್ ಕೊಡಿ!"

ಏಳುನೂರು ವರ್ಷಗಳ ಹಿಂದಿನ ಯುದ್ಧದಲ್ಲಿ ನಮ್ಮವರು ಅವರೂರಿನಿಂದ ಹೊತ್ತುತಂದ ಆ ಮರದ ಬಕೆಟ್ಟಿಗಾಗಿ ಅವರ ಹೊಟ್ಟೆ ಇನ್ನೂ ಉರಿಯುತ್ತಿದೆ ನೋಡು. "ಗೆದ್ದು ತಗೊಂಡು ಹೋಗಿ," ಎಂದೆ. ಊಟಕ್ಕೆ ಕುಳಿತಾಗ, ಸಾರಿನಲ್ಲಿ ತೇಲುವ ತೊರ್ತೆಲ್ಲಿನಿ ಕಡುಬು ಹುಟ್ಟಿದ್ದು ತಮ್ಮೂರಲ್ಲೇ ಎಂದು ವಾದಕ್ಕಿಳಿದರು. ನಿನ್ನ ಮಗಳು ಫಿಯಮ್ಮೆತ್ತಾ ಬಿಡುವವಳೇ? "ಹೌದು ಮಾವ, ಅದಕ್ಕೇ ಮನೇಲಿ ಸಿಗದೆ ಇರೋ ರುಚಿಗೆ ಇಲ್ಲಿ ಮತ್ತೆ ಮತ್ತೆ ಬಟ್ಟಲು ಚಾಚ್ತಿದೀರಿ!"

ಇಷ್ಟು ನಗುವಿನ ಹಿಂದೆ, ಹಬ್ಬದ ಹಿಂದಿನ ದಿನ ನಾವು ಪಟ್ಟ ಪಾಡನ್ನು ಈಗ ಹೇಳುತ್ತೇನೆ. ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಅದರ ಹೆಸರಿನಲ್ಲಿ ಅಟ್ಟದ ಮೇಲೆ ವಿನೆಗರ್ ಪೀಪಾಯಿಗಳ ಸಾಲನ್ನು ಇಡಬೇಕು, ಜ್ಞಾನಸ್ನಾನದ ದಿನವೇ ಅದಕ್ಕೆ ಮನೆಯ ಹಳೆಯ ವಿನೆಗರಿನಿಂದ ಹೆಪ್ಪು ಹಾಕಬೇಕು ಎಂಬ ನಮ್ಮ ಕುಲದ ನೇಮ ತಪ್ಪಿದ್ದಿಲ್ಲವಷ್ಟೆ. ತೆಕ್ಲಾಳಿಗೆಂದು ಚೆರಿ, ಹಿಪ್ಪುನೇರಳೆ, ಓಕ್ ಮರಗಳ ಹೊಸ ಪೀಪಾಯಿಗಳು ಬಂದಿದ್ದವು. ಕಾಯಿಸಿದ ದ್ರಾಕ್ಷಾರಸವೂ ಸಿದ್ಧವಿತ್ತು. ಹೆಪ್ಪಿಗೆಂದು ಅಟ್ಟ ಹತ್ತಿದ ಫಿಯಮ್ಮೆತ್ತಾ ಅಲ್ಲಿಂದಲೇ ಕಿರುಚಿದಳು: "ಅಪ್ಪಾ! ಯಾರೋ ಹಳೇ ಪೀಪಾಯಿಗಳಿಗೆಲ್ಲ ಬಿರಡೆ ಜಡಿದಿದಾರೆ!"

ಜಡಿದವನು ನಮ್ಮ ಅಳಿಯ ಒರೆಸ್ತೆ. ನನ್ನ ಮಂಡಿನೋವನ್ನು ಕಂಡು ಶರತ್ಕಾಲದಿಂದ ಅಟ್ಟದ ಕೆಲಸವನ್ನು ತಾನೇ ವಹಿಸಿಕೊಂಡಿದ್ದನಲ್ಲ.

"ಬರೀ ಬಟ್ಟೆ ಮುಚ್ಚಿತ್ತು ಕಣೇ. ಧೂಳು ಬೀಳತ್ತೇನೋ ಅಂತ..."

"ಆ ಬಟ್ಟೆ ಇರೋದೇ ಅದು ಉಸಿರಾಡ್ಲಿ ಅಂತ! ನಿನ್ನ ಮೂಗಿಗೂ ಹಾಗೇ ಬಿರಡೆ ಜಡೀತೀನಿ, ಗೊತ್ತಾಗತ್ತೆ. ಬೊಲೋನ್ಯಾದವನನ್ನ ಕಟ್ಕೊಂಡಿದ್ದಕ್ಕೆ ಇನ್ನೇನು!"

ಗಾಬರಿಯಾಗಬೇಡ; ವಿನೆಗರ್ ಸತ್ತಿಲ್ಲ. ಆದರೆ ಉಸಿರುಗಟ್ಟಿ ಮಂಕಾಗಿದೆ. ಒಂದು ಬೇಸಿಗೆ ಗಾಳಿಯಾಡದೆ ಹೆಪ್ಪಿಗೆ ಒದಗದು. ಫಿಯಮ್ಮೆತ್ತಾ ಬೈದು ಬೈದು ಕಡೆಗೆ ಅತ್ತಳು. "ನನ್ನ ಮಗಳಿಗೆ ಅಂಗಡಿ ಸೀಸೆಯಿಂದ ಹೆಪ್ಪು ಹಾಕ್ಬೇಕಾ, ಅಪ್ಪ?" ಒರೆಸ್ತೆ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕುಳಿತ. ಅವನ ಮುಖ ನೋಡಲಾಗಲಿಲ್ಲ.

ನಾನು ಪ್ರಧಾನಾಲಯದ ನೆಲಮಾಳಿಗೆಗೆ ಹೋಗಿ ಸಂತನ ಸಮಾಧಿಯ ಮುಂದೆ ಬಹಳ ಹೊತ್ತು ಕುಳಿತೆ. ಮರಳಿದವನೇ ಮಂಡಿಯನ್ನು ಒತ್ತಿಹಿಡಿದು ಒಬ್ಬನೇ ಅಟ್ಟ ಹತ್ತಿದೆ. ತಂಬಿಗೆ ತುಂಬ ಹೆಪ್ಪಿನೊಡನೆ ಕೆಳಗಿಳಿದೆ. "ಎಲ್ಲಿಂದ ತಂದ್ರಿ?" ಎಂದಳು ಮಗಳು. "ಮನೇದೇ," ಎಂದೆ.

ಮರುದಿನ ಊಟವಾದ ಮೇಲೆ ಪಾದ್ರಿಗಳು ಅಟ್ಟಕ್ಕೆ ಬಂದು ಪೀಪಾಯಿಗಳನ್ನು ಹರಸಿದರು. ಹೆಪ್ಪನ್ನು ಒರೆಸ್ತೆಯ ಕೈಯಿಂದಲೇ ಹೊಯ್ಯಿಸಿದೆ. ಆ ಘಾಟಿಗೆ ತೆಕ್ಲಾ ಗಟ್ಟಿಯಾಗಿ ಸೀನಿದಳು. "ಅಯ್ಯೋ, ಮೂಗು ಮೋದೆನಾದ್ದೇ, ಕೈತಪ್ಪಿ ಹೋಯ್ತು!" ಎಂದು ಅನ್ಸೆಲ್ಮೊ ತಲೆಯ ಮೇಲೆ ಕೈಹೊತ್ತರು. ಅಟ್ಟವೆಲ್ಲ ನಗೆಯಿಂದ ತುಂಬಿತು. ನೀನಿರಬೇಕಿತ್ತು.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ. ಕರುಣಾಮಯನಾದ ಪ್ರಭುವು ನಿಮ್ಮಿಬ್ಬರ ಹೆಜ್ಜೆಗಳನ್ನು ಕಾಯಲಿ. ನಿನ್ನನ್ನು ಬೇಗ ಮನೆಗೆ ಕರೆತರಲಿ.

ನಿನ್ನ
ಉಬಾಲ್ದೊ

ಮತ್ತೊಂದು ಮಾತು: ಒರೆಸ್ತೆಯ ಬಿರಡೆಗೆ ಸಿಕ್ಕದೆ ಉಳಿದದ್ದು, ಮಾಡಿನ ಮೂಲೆಯಲ್ಲಿ ನೀನು ಹೊದಿಕೆ ಹೊದಿಸಿಟ್ಟ ಆ ಸಾಲೊಂದೇ, ನಮ್ಮ ಆಗ್ನೆಸೆಯದು. ಆ ನಮ್ಮ ಮೊದಲ ಮಗು ಮಾತು ಕಲಿಯುವಷ್ಟರಲ್ಲೇ ದೇವರ ಬಳಿಗೆ ಹೋದಂದಿನಿಂದ ಪ್ರತಿ ಚಳಿಗಾಲದಲ್ಲಿ ಅದನ್ನು ತುಂಬಿಸುತ್ತ ಬಂದೆವೇ ಹೊರತು ಒಂದು ಹನಿಯನ್ನೂ ಹೊರತೆಗೆಯಲಿಲ್ಲ. "ಅದು ಅವಳದು, ಯಾರೂ ಮುಟ್ಟಬಾರ್ದು," ಎಂದಿದ್ದೆ ನೀನು. ನಿನಗೆ ಫೋನು ಮಾಡಿ ಕೇಳಬಹುದಾಗಿತ್ತು, ಬೇಡವೆನ್ನುವೆಯೆಂದು ಹೆದರಿದೆ. ಈ ಪತ್ರ ತಡವಾದದ್ದೂ ಅದಕ್ಕೇ. ಇಷ್ಟು ವರ್ಷ ಅದು ಕಹಿಯಾಗಿರುವುದೆಂದೇ ಏಕೋ ತಿಳಿದಿದ್ದೆ. ಸಿಹಿಯಾಗಿದೆ, ಎರ್ಸೀಲಿಯಾ. ನಿನಗೆಂದು ಸಣ್ಣ ಸೀಸೆಯಲ್ಲಿ ಎತ್ತಿಟ್ಟಿದ್ದೇನೆ. ಬೈಯುವುದಾದರೆ ಅದರ ರುಚಿ ನೋಡಿದ ಮೇಲೆ ಬೈ.