ತೋಪಪ್ಪನ ಬುಡದ ಬಸುರಿಯರು

ಕಡಲು ಏರಿ ನಿಂತ ನೂರ ಹನ್ನೊಂದನೆಯ ವರ್ಷ, ನಮ್ಮ ಲೆಕ್ಕದ ಹದಿಮೂರನೆಯ ತಿಂಗಳು. ಕಾರವಾರದ ಗುಡ್ಡದ ಮೇಲಿಂದ.

ಹಿಂದಿನ ಕಾಲದ ಹಿರಿಯರಿಗೆ ಸೋಮಕ್ಕ ಮಾಡುವ ನಮಸ್ಕಾರ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆಂದು ನನಗೂ ತಿಳಿಯದು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ.

ನಿಮ್ಮ ಯುದ್ಧನೌಕೆಯೊಂದರ ಮೇಲೆ ವಿಮಾನ ಹೊಡೆಯುವ ಜೋಡಿ ನಳಿಗೆಯ ಫಿರಂಗಿ ಇತ್ತು. ಇಬ್ಬರು ಎರಡು ಪೀಠಗಳಲ್ಲಿ ಕೂತು ಚಕ್ರ ತಿರುಗಿಸಿದರೆ ಅದು ಆಕಾಶದತ್ತ ಮೂತಿ ಎತ್ತುತ್ತಿತ್ತಂತೆ. ಅಭ್ಯಾಸಕ್ಕೆಂದು ವಿಮಾನದ ಹಿಂದೆ ಕಟ್ಟಿ ಎಳೆದ ಬಟ್ಟೆಯನ್ನು ಹರಿದದ್ದೇ ಅದರ ಪರಾಕ್ರಮ. ಶತ್ರುವಿನ ಒಂದು ವಿಮಾನವನ್ನೂ ಅದು ಉರುಳಿಸಲಿಲ್ಲ. ನೌಕೆಗೆ ವಯಸ್ಸಾದಾಗ ನೀವು ಫಿರಂಗಿಗೆ ಬಣ್ಣ ಬಳಿದು ಕಡಲತೀರದ ತೋಟದಲ್ಲಿ ನಿಲ್ಲಿಸಿದಿರಿ. ಮಕ್ಕಳು ಪೀಠದ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಕಡಲು ಏರಿದಾಗ ನಮ್ಮವರು ಅಕ್ಕಿ ಮೂಟೆ ಬಿಟ್ಟರು, ಇದನ್ನು ಮಾತ್ರ ಹಗ್ಗ ಕಟ್ಟಿ ಗುಡ್ಡಕ್ಕೆ ಎಳೆದು ತಂದರು. ಅದೇನು ಬುದ್ಧಿಯೋ.

ನನ್ನ ಅಜ್ಜಿಯ ಕಾಲದಲ್ಲಿ ಒಂದು ಗಿಡುಗ ಬಂತು. ಒಳಗೆ ಮನುಷ್ಯರಿಲ್ಲದೆ ಹಾರುವ ಯಂತ್ರಕ್ಕೆ ನಾವು ಹಾಗೆನ್ನುತ್ತೇವೆ. ಆ ಹೊತ್ತಿಗೆ ಹೊನ್ನಮ್ಮ ಎಂಬ ಬಸುರಿ ಫಿರಂಗಿಯ ಕೆಳಗೆ ಅಡಗಿದ್ದಳು. ಅವಳು ಅಲ್ಲೇ ಹೆತ್ತಳು, ಗಿಡುಗ ತಾನಾಗಿ ಕೆಟ್ಟು ಕಡಲಿಗೆ ಬಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಗುಂಡಿಲ್ಲದ, ತುಕ್ಕು ಹಿಡಿದ ಕಬ್ಬಿಣ ಅಂದಿನಿಂದ ತೋಪಪ್ಪ ಎಂಬ ದೇವರಾಯಿತು. ಈಗ ನಮ್ಮ ಬಸುರಿಯರೆಲ್ಲ ತಿಂಗಳು ತುಂಬಿದೊಡನೆ ಅದರ ಬುಡಕ್ಕೆ ಹೋಗಿ ಕೂರುತ್ತಾರೆ. ಮೀನೆಣ್ಣೆ ಸವರಿ, ಕುಂಕುಮ ಇಟ್ಟು, ಹೆರುವತನಕ ಅಲ್ಲಿಂದ ಏಳುವುದಿಲ್ಲ. ಗಂಜಿ, ಸುಟ್ಟ ಬಂಗಡೆ, ಬಿಸಿನೀರು ಎಲ್ಲ ನಾವೇ ಹೊತ್ತು ಒಯ್ಯಬೇಕು.

ಗಿಡುಗಗಳನ್ನು ಕಳಿಸಿದವರು ಎಂದೋ ಸತ್ತರು. ಅವು ಮಾತ್ರ ಕಲಿತ ಕೆಲಸ ಮರೆತಿಲ್ಲ: ಫಿರಂಗಿಯ ಆಕಾರ ಕಂಡಲ್ಲಿ ಬೆಂಕಿ ಸುರಿಯುತ್ತವೆ. ಬಡಗಣ ದಿಕ್ಕಿನಿಂದ ಒಂದೊಂದೇ ಊರು ಸುಡುತ್ತ ಬರುತ್ತಿವೆ. ಮೊನ್ನೆ ಅಳಿವೆಯ ಆಚೆ ಎರಡು ಹಳೆಯ ಕೊಳವೆಗಳನ್ನು ನಳಿಗೆಯೆಂದು ತಿಳಿದು ಇಡೀ ಕೇರಿಯನ್ನೇ ಸುಟ್ಟವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ತೋಪಪ್ಪನನ್ನು ಕಡಲಿಗೆ ತಳ್ಳೋಣ ಎಂದೆ. ಊರವರು ನನ್ನನ್ನು ಹೊರಗಿಟ್ಟು ಬೆಂಕಿ, ನೀರು ಎರಡನ್ನೂ ನಿಲ್ಲಿಸಿದರು.

ಬುಡದಲ್ಲಿ ಈಗ ಕೂತಿರುವವಳು ನನ್ನ ಮಗಳು ಬುಧವಂತಿ. ಕೈ ಹಿಡಿದು ಎಳೆದೆ, ಕಾಲು ಹಿಡಿದೆ. "ಆಯಿ, ನೀ ಸುಮ್ನಿರು. ಎಲ್ಲಾ ಹೆಂಗಸ್ರೂ ಕೂತದ್ದೇ ಅಲ್ಲ? ನಾ ಎದ್ದು ಬಂದ್ರೆ ನನ್ನ ಶಿಶೂಗೆ ಯಾರು ದಿಕ್ಕು?" ಎಂದಳು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಅವಳನ್ನೂ ಅಲ್ಲೇ ಕೂತು ಹೆತ್ತವಳು ನಾನು.

ಹಿರಿಯರೇ, ಒಂದೇ ಬೇಡಿಕೆ. ಆ ಫಿರಂಗಿಗೆ ಬಣ್ಣ ಬಳಿಯಬೇಡಿ, ತೋಟದಲ್ಲಿ ನಿಲ್ಲಿಸಬೇಡಿ. ಕರಗಿಸಿ ಕತ್ತಿ ಮಾಡಿ, ನೇಗಿಲ ಕುಳ ಮಾಡಿ, ಏನಾದರೂ ಮಾಡಿ. ನೀವು ಕರಗಿಸಲಿಲ್ಲ ಎನ್ನುವುದು ನನಗೆ ಗೊತ್ತು, ಅದು ಇಲ್ಲಿಂದಲೇ ಕಾಣುತ್ತಿದೆ. ಆದರೂ ಕೇಳುತ್ತೇನೆ.

ಚಾಪೆ ಸುತ್ತಿಟ್ಟಿದ್ದೇನೆ. ಇನ್ನು ನಾನೂ ಅವಳ ಪಕ್ಕ ಹೋಗಿ ಕೂರುತ್ತೇನೆ. ನಂಬಿಕೆ ಬಂತೆಂದಲ್ಲ, ಹೆರಿಗೆಯಲ್ಲಿ ಮಗಳ ಬೆನ್ನು ಒತ್ತಲು ತಾಯಿ ಬೇಕು.