ಕೃಪಾವತಿಯವರ ಅರ್ಜಿಯ ಬಗ್ಗೆ

ಹೊಸನಗರ
ಜೂನ್ ೧೦

ಮಾನ್ಯ ಪ್ರಾಂಶುಪಾಲರಿಗೆ,

ಕ್ರಿಸ್ತನಲ್ಲಿ ವಂದನೆಗಳು.

ದೇವರ ಸೇವೆಯಲ್ಲಿರುವವರಿಗಾಗಿ ತಾವು ಸಾಗರದಲ್ಲಿ ಆರಂಭಿಸುತ್ತಿರುವ ಶನಿವಾರದ ದೇವಶಾಸ್ತ್ರ ತರಗತಿಗೆ ನಮ್ಮ ಸಭೆಯ ಕೃಪಾವತಿಯವರು ಅರ್ಜಿ ಹಾಕಿದ್ದಾರೆ. ಅವರಿಗೆ ಅನುಭವ ಸಾಲದು ಎಂದು ಹೋದ ವಾರ ನಾನು ತಮಗೆ ಬರೆದದ್ದು ಸುಳ್ಳು. ಮಾಸ್ತಿಕಟ್ಟೆಯ ಮನೆಗಳಲ್ಲಿ ಒಂಬತ್ತು ವರ್ಷಗಳಿಂದ ಪ್ರಾರ್ಥನೆ ನಡೆಸುತ್ತಿರುವವರು ಅವರೇ.

ನನಗೆ ಸೆಮಿನರಿಯಲ್ಲಿ ದೇವಶಾಸ್ತ್ರ ಓದುವ ಆಸೆಯಿತ್ತು. ಸಭೆಯನ್ನು ಬಿಟ್ಟು ನಾಲ್ಕು ವರ್ಷ ಬೆಂಗಳೂರಿನಲ್ಲಿರಲು ಆಗಲಿಲ್ಲ. ಈಗ ತರಗತಿ ಸಾಗರಕ್ಕೇ ಬಂದಿದೆ, ಆದರೆ ನನ್ನ ವಯಸ್ಸು ತಮ್ಮ ಮಿತಿಯನ್ನು ದಾಟಿದೆ. ಅರ್ಜಿ ತುಂಬಿದ ದಿನ ಕೃಪಾವತಿ, "ಅಯ್ನೋರೆ, ಅಲ್ಲಿ ಕಲ್ತಿದ್ದನ್ನೆಲ್ಲ ನಿಮಗೂ ಹೇಳ್ಕೊಡ್ತೀನಿ" ಎಂದರು. ಅವರಿಗೆ ದೇವರ ವಾಕ್ಯ ಬೋಧಿಸಲು ಕಲಿಸಿದವನು ನಾನು. ಹೊಟ್ಟೆ ಉರಿಯಿತು. ಆ ಸಂಜೆಯೇ ತಮಗೆ ಬರೆದೆ.

ಮೊನ್ನೆ ಭಾನುವಾರ ಅವರು ಎಲ್ಲರೆದುರು, "ನಮ್ಮ ಅಯ್ನೋರು ಬರ್ದ ಶಿಫಾರಸಿಗೆ ಸ್ತೋತ್ರ, ಸ್ವಾಮಿ" ಎಂದು ಪ್ರಾರ್ಥಿಸಿದರು. ನನ್ನ ಬಾಯಿಂದ ಆಮೆನ್ ಹೊರಡಲಿಲ್ಲ.

ಆ ಪತ್ರವನ್ನು ಹರಿದುಹಾಕಿ, ಅವರಿಗೆ ಸೀಟು ಕೊಡಿ. ಉರಿ ಇನ್ನೂ ಆರಿಲ್ಲ. ಆದ್ದರಿಂದ ಪ್ರವೇಶಪತ್ರವನ್ನು ಸಭೆಯ ವಿಳಾಸಕ್ಕೆ ಕಳುಹಿಸದೆ ಅವರ ಮನೆಗೇ ಕಳುಹಿಸಿ. ಇಲ್ಲಿ ಟಪಾಲು ತೆಗೆದುಕೊಳ್ಳುವವನು ನಾನೇ.

ತಮ್ಮ ಸಹಸೇವಕ,
ಸಮುವೇಲ ಜಯಶೀಲ
ಸಭಾಪಾಲಕ